ಗ್ರಂಥಿಜ್ವರದ ಮೊದಲ ಸುಳಿವುಗಳು: ಶಿಕ್ಷಕರು ಗಮನಿಸಬೇಕಾದ ಅಂಶಗಳು



ಹಲವು ವರ್ಷಗಳ ಹಿಂದೆ ನನ್ನ ಏಳನೆಯ ತರಗತಿಯಲ್ಲಿ ಚುರುಕಾಗಿದ್ದ ಬಾಲಕನೊಬ್ಬ ಇದ್ದಕ್ಕಿದ್ದಂತೆ ಮಂಕಾದನು. ಎರಡನೆಯ ಅವಧಿಯಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದನು. ಸೋಮಾರಿಯೆಂದು ಅವನನ್ನು ಗದರಿಸಿದೆ. ವಾರದ ಬಳಿಕ ಜ್ವರ, ಗಂಟಲುನೋವು ಕಾಣಿಸಿಕೊಂಡವು. ಅದು ಗ್ರಂಥಿಜ್ವರವೆಂದು ರಕ್ತಪರೀಕ್ಷೆಯಿಂದ ತಿಳಿಯಿತು. ಆ ಗದರಿಕೆಯ ನೆನಪೇ ಇಂದಿನ ಮಾತುಗಳಿಗೆ ಕಾರಣ.

ಸಾಮಾನ್ಯವಾಗಿ ಎಪ್‌ಸ್ಟೈನ್-ಬಾರ್ ಎಂಬ ವೈರಾಣುವಿನಿಂದ ಬರುವ ಈ ರೋಗವು ಮುಖ್ಯವಾಗಿ ಎಂಜಲಿನ ಮೂಲಕ ಹರಡುತ್ತದೆ. ಸೋಂಕು ತಗುಲಿ ಸುಮಾರು 4ರಿಂದ 6 ವಾರಗಳಾದ ಮೇಲೆ ಲಕ್ಷಣಗಳು ತೋರುತ್ತವೆ. ಎಳೆಯ ಮಕ್ಕಳಲ್ಲಿ ಇದು ನೆಗಡಿಯಂತೆ ಬಂದುಹೋಗುವುದುಂಟು. ಹದಿಹರೆಯದವರನ್ನು ಹೆಚ್ಚು ಬಾಧಿಸುತ್ತದೆ. ಜ್ವರ, ಗಂಟಲುನೋವುಗಳನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಗಮನಕ್ಕೆ ಬಾರದ ಸುಳಿವುಗಳು ಇವು:

1. ರಾತ್ರಿ ಚೆನ್ನಾಗಿ ನಿದ್ರಿಸಿದರೂ ನೀಗದ ದಣಿವು, ಊಟದಲ್ಲಿ ನಿರಾಸಕ್ತಿ.

2. ಅತ್ತು ಬಂದವರಂತೆ ಮೇಲಿನ ರೆಪ್ಪೆಗಳು ಊದಿಕೊಳ್ಳುವುದು.

3. ಕತ್ತಿನ ಹಿಂಬದಿಯಲ್ಲಿ, ಕಿವಿಯ ಹಿಂದೆ ಗಂಟುಗಳು. ಮಂಗನಬಾವಿನಲ್ಲಾದರೋ ಊತವು ಕಿವಿಯ ಮುಂದೆ, ದವಡೆಯ ಬಳಿ ಇರುತ್ತದೆ.

4. ಗಟ್ಟಿಯಾಗಿ ಓದಿಸುವಾಗ ದನಿ ಗಂಟಲಲ್ಲೇ ಸಿಕ್ಕಿಕೊಂಡಂತೆ ಕೇಳುವುದು, ಬಾಯಿಂದ ಉಸಿರಾಡುವುದು.

5. ಗಂಟಲುನೋವಿಗೆ ಅಮಾಕ್ಸಿಸಿಲಿನ್ ನುಂಗಿದ ಬಳಿಕ ಮೈಮೇಲೆ ದದ್ದು ಏಳುವುದು.

6. ಎಡಪಕ್ಕೆಲುಬಿನ ಕೆಳಗೆ ನೋವು ಅಥವಾ ಭಾರ.

ಕೊನೆಯದನ್ನು ಹಗುರವಾಗಿ ಕಾಣಬಾರದು. ಈ ರೋಗದಲ್ಲಿ ಗುಲ್ಮವು ಊದಿಕೊಳ್ಳಬಹುದು. ಆಗ ಹೊಟ್ಟೆಗೆ ಪೆಟ್ಟು ಬಿದ್ದರೆ ಅದು ಒಡೆದು ಒಳಗೇ ರಕ್ತಸ್ರಾವವಾದೀತು. ಆದುದರಿಂದ ಜ್ವರ ಬಿಟ್ಟಿತೆಂದು ಮಗುವನ್ನು ಕಬಡ್ಡಿಗೆ ಇಳಿಸಬೇಡಿ. ಕನಿಷ್ಠ 3–4 ವಾರ ಕಾದು, ವೈದ್ಯರ ಒಪ್ಪಿಗೆ ಪಡೆಯಿರಿ. ಹಠಾತ್ತನೆ ತೀವ್ರ ಹೊಟ್ಟೆನೋವು ಬಂದರೆ, ಉಸಿರಾಟವೋ ನೀರು ನುಂಗುವುದೋ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ರೋಗನಿರ್ಣಯ ನಮ್ಮ ಕೆಲಸವಲ್ಲ. ಗಂಟಲಮಾರಿಯಲ್ಲೂ ಗಂಟಲಲ್ಲಿ ಬಿಳಿಯ ಪೊರೆ ಕಾಣುವುದರಿಂದ ಊಹೆ ಅಪಾಯಕರ. ಕಂಡುದನ್ನು ದಿನಾಂಕದೊಡನೆ ಬರೆದುಕೊಡುವುದು ನಮ್ಮಿಂದ ಸಾಧ್ಯ. ಗಡಿನಾಡಿನ ನಮ್ಮ ಮಗು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ ಆಡುತ್ತದೆ. ವೈದ್ಯರ ನುಡಿ ಬೇರೊಂದಿರಬಹುದು. ತನ್ನ ನೋವನ್ನು ಹೇಳಲಾರದ ಮಗುವಿಗೆ ಶಿಕ್ಷಕರ ನಾಲ್ಕು ಸಾಲಿನ ಚೀಟಿಯೇ ಬಾಯಾಗುತ್ತದೆ. ರಾಜ್ಯಭಾಷೆಯಲ್ಲಿ ಬರೆಯಲು ಸಹೋದ್ಯೋಗಿಗಳ ನೆರವು ಪಡೆಯಿರಿ.

ಒಂದು ಎಚ್ಚರಿಕೆಯ ಮಾತು. ಎಂಜಲಿನಿಂದ ಹರಡುತ್ತದೆಂದು ಮಗುವನ್ನು ದೂರ ಕೂರಿಸಬಾರದು. ನೀರಿನ ಸೀಸೆ, ಲೋಟಗಳನ್ನು ಹಂಚಿಕೊಳ್ಳದಿರುವ ನಿಯಮ ಇಡೀ ತರಗತಿಗೆ ಅನ್ವಯಿಸಲಿ. ಚೇತರಿಸಿಕೊಂಡ ಮಗು ಶಾಲೆಗೆ ಬರಬಹುದು. ದಣಿವು ಮಾತ್ರ ಹಲವು ವಾರ ಉಳಿದೀತು. ಆ ದಿನಗಳಲ್ಲಿ ಮನೆಗೆಲಸ ಕಡಿಮೆ ಮಾಡಿ, ಬಿಟ್ಟುಹೋದ ಪಾಠಗಳನ್ನು ಸ್ವಲ್ಪಸ್ವಲ್ಪವಾಗಿ ಹೇಳಿಕೊಡಿ.

ಹಾಜರಿ ಕರೆಯುವಾಗ ಹೆಸರಿನೊಡನೆ ಮುಖವನ್ನೂ ನೋಡೋಣ. ನಿನ್ನೆಯಂತಿಲ್ಲದ ಮಗುವನ್ನು ಗದರಿಸುವ ಮುನ್ನ, “ಏನಾಯಿತು ಮಗು?” ಎಂದು ಕೇಳೋಣ.