ಮಣ್ಣಿಲ್ಲದ ತೋಟಕ್ಕೆ ಬೀಜ ಮೊಳೆಯಿಸುವ ಕ್ರಮ

(ಮುಂಬಯಿಯ ನಮ್ಮ ಸಂಘದ ಕೋಣೆಯಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ಹೋದ ಮಳೆಗಾಲದಲ್ಲಿ ಈ ಕೋಣೆಯಲ್ಲಿ ನಡೆದ ಫಜೀತಿಯನ್ನು ನಿಮ್ಮಲ್ಲಿ ಅನೇಕರು ಮೂಗಿನಿಂದಲೇ ತಿಳಿದುಕೊಂಡಿರಿ. ತಲೆಗೆ ಇಪ್ಪತ್ತು ರೂಪಾಯಿಯಂತೆ ವಂತಿಗೆ ಎತ್ತಿ, ಮಣ್ಣಿಲ್ಲದೆ ನೀರಿನಲ್ಲೇ ಸೊಪ್ಪು ಬೆಳೆಸುವೆವೆಂದು ಡಬ್ಬಿಗಳನ್ನು ತಂದೆವು. ನೀರಿನ ತೋಟವಲ್ಲವೇ ಎಂದು ಬೀಜಗಳನ್ನೆಲ್ಲ ತುಂಬಿದ ನೀರಿಗೆ ಸುರಿದು ಪಾಳಿಗೆ ಹೋದೆವು. ಮೂರನೆಯ ದಿನ ಬಾಗಿಲು ತೆರೆದರೆ ನಾತ. ಒಂದು ಬೀಜವೂ ಉಳಿದಿರಲಿಲ್ಲ. "ಸಂಘದವರ ಕೈಗೆ ದುಡ್ಡು ಕೊಟ್ಟರೆ ಹೀಗೇ" ಎಂದು ಒಬ್ಬರು ಆಡಿಯೇ ಬಿಟ್ಟರು. ಆ ಮಾತು ನಮ್ಮನ್ನು ಬಹಳ ಚುಚ್ಚಿತು. ನಾಳೆ ಬೋನಸ್ಸಿಗೋ ವಾರದ ರಜೆಗೋ ಹೋರಾಡಲು ವಂತಿಗೆ ಕೇಳಬೇಕಾದವರೂ ನಾವೇ ತಾನೆ? ಆದುದರಿಂದ ಆ ಇಪ್ಪತ್ತು ರೂಪಾಯಿಯ ಲೆಕ್ಕ ಒಪ್ಪಿಸಲೆಂದೇ ಈ ದಿನ ನಿಂತಿದ್ದೇವೆ.

ಬೀಜವು ಜೀವವಿರುವ ವಸ್ತು. ಒಣಗಿರುವಾಗ ನಿದ್ದೆಯಲ್ಲಿರುತ್ತದೆ, ನೀರು ಕುಡಿದು ಎಚ್ಚರವಾದೊಡನೆ ಜೋರಾಗಿ ಉಸಿರಾಡತೊಡಗುತ್ತದೆ. ಆಗ ಅದನ್ನು ನೀರಿನಲ್ಲೇ ಮುಳುಗಿಸಿಟ್ಟರೆ ಉಸಿರು ಕಟ್ಟಿ ಸಾಯುತ್ತದೆ, ಆಮೇಲೆ ಕೊಳೆಯುತ್ತದೆ. ನಾಚಿಕೆಯ ಸಂಗತಿ ಏನೆಂದರೆ, ಇದು ನಮಗೆ ಗೊತ್ತಿದ್ದ ವಿಷಯವೇ. ಊರಿನಲ್ಲಿ ನಮ್ಮ ಹಿರಿಯರು ಬಿತ್ತನೆಯ ಭತ್ತವನ್ನು ನೆನೆಸಿ, ನೀರು ಬಸಿದು, ಹುಲ್ಲು ಮುಚ್ಚಿ, ಮೇಲೆ ಭಾರ ಹೇರಿ ಬೆಚ್ಚಗೆ ಇಡುತ್ತಿರಲಿಲ್ಲವೇ? ನೀರು, ಗಾಳಿ, ಕಾವು ಮೂರೂ ಅಲ್ಲಿ ದೊರೆಯುತ್ತಿದ್ದವು. ಭತ್ತವೇನೋ ನೀರಿನಡಿಯಲ್ಲೂ ಮೊಳೆಯುವ ಗಟ್ಟಿ ಜೀವ. ಆದರೂ ಬೇರು ಬಿಡಲು ಅದಕ್ಕೂ ಗಾಳಿ ಬೇಕು. ಗದ್ದೆ ಬಿಟ್ಟು ಬಂದ ನಾವು ಅದನ್ನೂ ಅಲ್ಲಿಯೇ ಬಿಟ್ಟು ಬಂದೆವು.

ಮಣ್ಣಿಲ್ಲದ ಬೇಸಾಯವು ಸಿರಿವಂತರ ಶೋಕಿಯೆಂದು ತಿಳಿಯಬೇಡಿ. ಜರ್ಮನಿಯ ಸಾಕ್ಸ್ ಎಂಬ ಪಂಡಿತರು 1860ರಲ್ಲಿಯೇ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವ ಕ್ರಮವನ್ನು ಪ್ರಕಟಿಸಿದ್ದರು. ನಮ್ಮ ದೇಶದಲ್ಲಿ 1946ರ ಸುಮಾರಿಗೆ ಬಂಗಾಲದ ಕಾಲಿಂಪೊಂಗಿನಲ್ಲಿ ಷೋಲ್ಟೊ ಡಗ್ಲಾಸ್ ಎಂಬವರು ಜಲ್ಲಿಕಲ್ಲಿನಲ್ಲಿ ಗಿಡ ನಿಲ್ಲಿಸಿ, ದುಬಾರಿ ಯಂತ್ರಗಳಿಲ್ಲದೆ ಸಾಮಾನ್ಯರಿಗೂ ಎಟಕುವಂತೆ ಇದನ್ನು ಮಾಡಿ ನೋಡಿದರು. ಚಾಳಿನ ಮನೆಯವರಿಗೆ ಮಾತ್ರ ಆಗಲಾರದೇ?

ಇನ್ನು ಕ್ರಮ. ಮೊದಲು ಬೀಜದ ಪರೀಕ್ಷೆ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿಡಿ. ಏಳೆಂಟು ಮೊಳೆತರೆ ಬೀಜ ಒಳ್ಳೆಯದು. ಎರಡು ಮೂರೇ ಬಂದರೆ ಅಂಗಡಿಯವನಿಗೆ ಹಿಂದಕ್ಕೆ ಕೊಡಿ, ನಿಮ್ಮ ಕೈಗುಣವನ್ನು ಬಯ್ಯಬೇಡಿ.

ಮೆಂತ್ಯವನ್ನು ರಾತ್ರಿ ಏಳೆಂಟು ಗಂಟೆ ನೆನೆಸಿ, ಬೆಳಗ್ಗೆ ನೀರು ಪೂರಾ ಬಸಿದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಬೆಳಗ್ಗೆ ಸಂಜೆ ತೊಳೆದು ಮತ್ತೆ ಬಸಿಯಬೇಕು. ಎರಡು ದಿನದಲ್ಲಿ ಮೊಳಕೆ ಕಾಣುತ್ತದೆ. ಸಮುದ್ರದ ಬದಿಯ ಮರಳಿನಲ್ಲಿ ಬೆಳೆದ ಪುಟ್ಟ ಮೇಥಿಯ ಕಟ್ಟುಗಳನ್ನು ಈ ಊರಿನ ಪೇಟೆಯಲ್ಲಿ ಕಂಡಿದ್ದೀರಲ್ಲ, ಅದೇ ಗಾತ್ರಕ್ಕೆ ಬಂದಾಗ ಕಿತ್ತು ಸಾರಿಗೆ ಹಾಕಬಹುದು. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುವುದರಿಂದ ಅಂಗೈಯಿಂದ ಮೆಲ್ಲನೆ ಉಜ್ಜಿ ಎರಡಾಗಿ ಒಡೆದು ನೆನೆಸತಕ್ಕದ್ದು. ಅದು ಸೋಮಾರಿ, ವಾರ ಹತ್ತು ದಿನ ಕಾಯಿಸುತ್ತದೆ. ಹರಿವೆಗೆ ಸೆಕೆ ಇಷ್ಟ, ಪಾಲಕಿಗೆ ಆಗದು. ಪಾಲಕನ್ನು ಚಳಿಯ ತಿಂಗಳುಗಳಿಗೆ ಇಟ್ಟುಕೊಳ್ಳಿ.

ಹರಿವೆ, ಟೊಮೆಟೊದಂಥ ಸಣ್ಣ ಬೀಜಕ್ಕೆ ಬಟ್ಟೆಯ ಗಂಟು ಬೇಡ. ಒಂದಂಗುಲದ ಸ್ಪಂಜಿನ ತುಂಡಿಗೆ ನಡುವೆ ಸೀಳು ಕೊಟ್ಟು, ಒದ್ದೆ ಮಾಡಿ ಹಿಂಡಿ, ಸೀಳಿನಲ್ಲಿ ಬೀಜ ಇಡಿ. ತೆಂಗಿನ ನಾರಿನ ಪುಡಿಯೂ ಆಗುತ್ತದೆ. ಉಪ್ಪಿನಂಶ ಹೋಗುವ ತನಕ ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಎರಡೆಲೆ ಬಿಡುವವರೆಗೆ ಬರೀ ನೀರು ಸಾಕು, ತಾಯಿ ಕಟ್ಟಿಕೊಟ್ಟ ಬುತ್ತಿ ಬೀಜದಲ್ಲೇ ಇದೆ. ಆಮೇಲೆ ನಿಜವಾದ ಎಲೆ ಮೂಡಿದ ಮೇಲೆ ನೀರಿನ ತೋಟಕ್ಕೆಂದೇ ಮಾರುವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಕರಗಿಸಿ ಕೊಡಿ. ಬರೀ ಯೂರಿಯಾ ಪ್ರಯೋಜನವಿಲ್ಲ. ಅದನ್ನು ಪಚನ ಮಾಡಿ ಕೊಡುವ ಮಣ್ಣಿನ ಸೂಕ್ಷ್ಮಜೀವಿಗಳು ಡಬ್ಬಿಯಲ್ಲಿ ಸಾಕಷ್ಟು ಇರುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ ಸ್ಪಂಜನ್ನು ಕೂರಿಸಿ, ಬೇರಿನ ತುದಿ ಮುಟ್ಟುವಷ್ಟು ನೀರು ಹಾಕಿ. ನೀರು ಇಳಿದಂತೆ ಮೇಲಿನ ಬೇರು ಗಾಳಿಯಲ್ಲಿ ಉಸಿರಾಡುತ್ತದೆ. ಕನಿಕರದಿಂದ ಪುನಃ ಕಂಠದವರೆಗೆ ತುಂಬಿಸಿದರೆ ನಾವು ಮಾಡಿದ ಕೊಲೆಯನ್ನೇ ನೀವೂ ಮಾಡುತ್ತೀರಿ. ಬೆಳಕು ಒಳಗೆ ಹೋಗದಂತೆ ಡಬ್ಬಿಗೆ ಕಾಗದ ಸುತ್ತಿ, ಇಲ್ಲವಾದರೆ ಪಾಚಿ ಕಟ್ಟುತ್ತದೆ.

ಮೊಳಕೆ ಕತ್ತಲಲ್ಲೂ ಬಂದೀತು, ಎಲೆಗೆ ಮಾತ್ರ ಬೆಳಕು ಬೇಕೇ ಬೇಕು. ಹೋಟೆಲಿನ ಕಿಟಕಿಯಿಲ್ಲದ ಅಟ್ಟದಲ್ಲಿ ಮಲಗುವ ಹುಡುಗರು ಹೆಸರು ಮೊಳಕೆಯಷ್ಟಕ್ಕೇ ತೃಪ್ತರಾಗಬೇಕು. ಅಲ್ಲಿ ಗಿಡ ಬಿಳಿಚಿಕೊಂಡು ಉದ್ದವಾಗಿ ಬೀಳುತ್ತದೆ. ಹುಡುಗರ ಬಣ್ಣವೂ ಹಾಗೆಯೇ ಆಗಿದೆ. ಆ ಅರ್ಜಿ ಬೇರೆ ಇದೆ, ಮುಂದಿನ ಸಭೆಯಲ್ಲಿ ಮಾತಾಡೋಣ.

ಎರಡು ಎಚ್ಚರಿಕೆ. ಬಿತ್ತನೆಯ ಅಂಗಡಿಯಲ್ಲಿ ಕೆಂಪು, ನೀಲಿ ಬಣ್ಣ ಬಳಿದು ಮಾರುವ ಬೀಜಕ್ಕೆ ವಿಷ ಲೇಪಿಸಿರುತ್ತದೆ. ಅದನ್ನು ಮೊಳಕೆ ಬರಿಸಿ ತಿನ್ನಕೂಡದು. ತಿನ್ನುವುದಕ್ಕೆ ದಿನಸಿ ಅಂಗಡಿಯ ಕಾಳೇ ಸರಿ. ಮತ್ತೆ, ಮೊಳಕೆಗೆ ಹಿಡಿಸುವ ಬಿಸಿ ತೇವವೇ ರೋಗದ ಕ್ರಿಮಿಗಳಿಗೂ ಹಿಡಿಸುತ್ತದೆ. ಕೈ, ಬಟ್ಟೆ, ನೀರು ಚೊಕ್ಕಟವಿರಲಿ, ಲೋಳೆಯಾದದ್ದನ್ನು ಎಸೆಯಿರಿ, ಉಳಿದದ್ದನ್ನು ಬೇಯಿಸಿಯೇ ತಿನ್ನಿ. ಹೊಟ್ಟೆ ಕೆಟ್ಟು ನಾಲ್ಕು ದಿನ ಮಲಗಿದರೆ ಆ ಪಗಾರ ಯಾರೂ ಕೊಡುವುದಿಲ್ಲ.

ಎರಡನೆಯ ಸಲ ಈ ಕ್ರಮದಿಂದ ಹಾಕಿದ ಆರು ಡಬ್ಬಿಗಳು ಆ ಕಿಟಕಿಯಲ್ಲಿವೆ, ಎದ್ದು ಬಂದು ನೋಡಿ. ಮೇಜಿನ ಮೇಲೆ ಮೆಂತ್ಯವೂ ಬಟ್ಟೆಯ ತುಂಡುಗಳೂ ಇವೆ. ವಂತಿಗೆ ಕೊಟ್ಟವರೆಲ್ಲರೂ ಒಂದೊಂದು ಹಿಡಿ ಒಯ್ಯತಕ್ಕದ್ದು. ಅಂದು ಆ ಮಾತಾಡಿದವರು ಮೊದಲು ಬರಲಿ.