ಗ್ರಾಮ ಪಂಚಾಯತ್ ಜಾಲತಾಣ: ಲಿನಕ್ಸ್ ಸರ್ವರಿನಲ್ಲಿ ಅಳವಡಿಕೆ, ಪಾಲನೆ ಮತ್ತು ಒಡೆತನ

(ಉಪನ್ಯಾಸದ ಪಠ್ಯ)



ಪಂಚಾಯತ್‌ಗೆ ಸ್ವಂತ ಜಾಲತಾಣ ಬೇಕೆಂಬ ವಿಷಯ ಸಭೆಯ ಕಾರ್ಯಸೂಚಿಗೆ ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ: ಖರ್ಚು ಎಷ್ಟು, ಮುಗಿಯುವುದು ಯಾವಾಗ. ಇವೆರಡಕ್ಕೂ ಉತ್ತರ ಕಷ್ಟವಲ್ಲ. 2003ರಲ್ಲಿ ಹೊರಬಂದು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಎಂಬ ವಿಷಯ ನಿರ್ವಹಣಾ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರ ಅಳವಡಿಕೆ ಐದು ನಿಮಿಷದ ಕೆಲಸವೆಂದು ಅದನ್ನು ರೂಪಿಸಿದವರೇ ಹೇಳಿಕೊಳ್ಳುತ್ತಾರೆ. ಸರ್ವರಿನ ಸಿದ್ಧತೆಯನ್ನೂ ಸೇರಿಸಿದರೆ ಬಲ್ಲವರಿಗೆ ಅರ್ಧ ದಿನ ಸಾಕು. ಮೂರನೆಯದೊಂದು ಪ್ರಶ್ನೆಯಿದೆ. ಆ ಜಾಲತಾಣ ಯಾರ ಹೆಸರಿನಲ್ಲಿರುತ್ತದೆ, ಅದರ ಬೀಗದ ಕೈ ಯಾರಲ್ಲಿರುತ್ತದೆ? ಇದನ್ನು ಕೇಳುವವರು ವಿರಳ. ಗುತ್ತಿಗೆ ಪಡೆದವರು ಊರು ಬಿಟ್ಟ ಮೇಲೆ, ಅಧಿಕಾರಿ ವರ್ಗಾವಣೆಗೊಂಡ ಮೇಲೆ, ಹಳೆಯ ಅಧ್ಯಕ್ಷರ ಚಿತ್ರವನ್ನು ಹೊತ್ತು ನಿಂತುಬಿಡುವ ಜಾಲತಾಣಗಳ ಮೂಲದಲ್ಲಿರುವುದು ಕೇಳದೆ ಉಳಿದ ಈ ಪ್ರಶ್ನೆಯೇ.

ಜಾಲತಾಣದ ಅಗತ್ಯವನ್ನು ಕಾನೂನೇ ಸೂಚಿಸಿದೆ. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು 17 ಬಾಬುಗಳ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೇ ತಾನಾಗಿ ಪ್ರಕಟಿಸಬೇಕು. ಅದನ್ನು ತಲುಪಿಸುವ ಮಾರ್ಗಗಳಲ್ಲಿ ಅಂತರ್ಜಾಲವನ್ನೂ ಅಧಿನಿಯಮ ಹೆಸರಿಸಿದೆ. ವೆಚ್ಚ ಮಿತವಾಗಿರಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದೂ ಅದೇ ಪ್ರಕರಣ ಹೇಳುತ್ತದೆ. ಗ್ರಾಮಸಭೆಯ ದಿನಾಂಕ, ವಾರ್ಡುವಾರು ಫಲಾನುಭವಿಗಳ ಪಟ್ಟಿ, ಕಾಮಗಾರಿಯ ಅಂದಾಜು ಮೊತ್ತ ಇವೆಲ್ಲ ಕಚೇರಿಯ ಸೂಚನಾ ಫಲಕದಲ್ಲಿ ಮಾತ್ರ ಇದ್ದರೆ ದಿಡುಪೆಯ ಗುಡ್ಡದ ಮನೆಯಿಂದಲೋ, ದುಡಿಮೆಗಾಗಿ ಮುಂಬಯಿಗೆ ಹೋಗಿರುವವರಿಂದಲೋ ಅವನ್ನು ಓದಲಾಗದು.

ಸ್ವಂತ ಸರ್ವರಿಗೆ ಕೈಹಾಕುವ ಮೊದಲು ಈಗಾಗಲೇ ಇರುವುದನ್ನು ಪರಿಶೀಲಿಸುವುದು ಯುಕ್ತ. ಲೆಕ್ಕಪತ್ರ, ತೆರಿಗೆ ಮತ್ತು ಸಭಾ ನಡಾವಳಿಗಳಿಗೆ ರಾಜ್ಯದ ಪಂಚತಂತ್ರ ತಂತ್ರಾಂಶವಿದೆ. ಯೋಜನೆ ಮತ್ತು ವೆಚ್ಚದ ವಿವರಗಳಿಗೆ 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಇ-ಗ್ರಾಮಸ್ವರಾಜ್ ಇದೆ. ದಕ್ಷಿಣ ಕನ್ನಡ ಜಿಲ್ಲಾಡಳಿತದ ಜಾಲತಾಣವು ಎನ್‌ಐಸಿಯ ಎಸ್3ವಾಸ್ ಎಂಬ ಸಿದ್ಧ ಸೇವೆಯಲ್ಲಿ ನಡೆಯುತ್ತಿದೆ. ಅಂತಹ ಸೇವೆಯೊಳಗೆ ಪುಟ ದೊರೆಯುವುದಾದರೆ ಸಣ್ಣ ಪಂಚಾಯತ್ ಬೇರೆ ಸರ್ವರನ್ನು ಇಟ್ಟುಕೊಳ್ಳುವ ಅಗತ್ಯವೇ ಬಾರದು. ಪಂಚತಂತ್ರದಲ್ಲಿರುವ ಅಂಕಿಗಳನ್ನು ಮತ್ತೆ ಬೆರಳಚ್ಚು ಮಾಡಿ ಬೇರೆ ತಾಣದಲ್ಲಿ ಹಾಕುವುದು ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗದಿರಲು ದಾರಿ ಮಾಡಿಕೊಟ್ಟಂತೆ. ಸ್ಥಳೀಯ ಸೂಚನೆ, ನೀರು ಸರಬರಾಜಿನ ಸಮಯ, ನೆರೆಯ ಎಚ್ಚರಿಕೆ, ಅರ್ಜಿ ನಮೂನೆ ಇಂಥವುಗಳನ್ನು ತಾವೇ ಅಂದಂದೇ ಪ್ರಕಟಿಸಬೇಕೆಂದು ಬಯಸುವ ಪಂಚಾಯತ್‌ಗಳಿಗೆ ಮುಂದಿನ ವಿವರಗಳು ಅನ್ವಯಿಸುತ್ತವೆ.

ವಿಷಯ ನಿರ್ವಹಣಾ ತಂತ್ರಾಂಶವೆಂದರೆ ಪುಟಗಳನ್ನು ಕೋಡ್ ಬರೆಯದೆ, ಪತ್ರವೊಂದನ್ನು ಟೈಪ್ ಮಾಡಿದಷ್ಟೇ ಸಲೀಸಾಗಿ ಪ್ರಕಟಿಸಲು ಅವಕಾಶ ನೀಡುವ ವ್ಯವಸ್ಥೆ. ಅದು ನಿಲ್ಲುವುದು ನಾಲ್ಕು ಆಧಾರಗಳ ಮೇಲೆ. ಪಂಚಾಯತ್ ಕಟ್ಟಡವನ್ನೇ ನೆನೆದರೆ ಲಿನಕ್ಸ್ ಅದರ ಅಡಿಪಾಯ; ಅಪಾಚೆ ಎಂಬ ಜಾಲ ಸರ್ವರ್ ತಂತ್ರಾಂಶವು ಬಂದವರನ್ನು ವಿಚಾರಿಸುವ ಮುಂಭಾಗದ ಕೌಂಟರು; ಪಿಎಚ್‌ಪಿ ಕಡತ ಹುಡುಕಿ ಉತ್ತರ ಸಿದ್ಧಪಡಿಸುವ ಗುಮಾಸ್ತ; ಮರಿಯಾಡಿಬಿ ಎಂಬ ದತ್ತಸಂಚಯ ದಾಖಲೆ ಕೊಠಡಿ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಸೇರಿದಂತೆ ಈ ನಾಲ್ಕೂ ಮುಕ್ತ ತಂತ್ರಾಂಶಗಳು. ಪರವಾನಗಿ ಶುಲ್ಕವೆಂದು ಯಾವುದಾದರೂ ದರಪಟ್ಟಿಯಲ್ಲಿ ಮೊತ್ತ ನಮೂದಾಗಿದ್ದರೆ ಅದು ಯಾವುದಕ್ಕೆಂದು ಸದಸ್ಯರು ಕೇಳತಕ್ಕದ್ದು.

ಸರ್ವರ್ ಪಂಚಾಯತ್ ಕಚೇರಿಯ ಮೂಲೆಯ ಗಣಕಯಂತ್ರವಾಗಿರಬಾರದು. ಪಶ್ಚಿಮ ಘಟ್ಟದ ಬುಡದಲ್ಲಿ ಸಿಡಿಲು, ವಿದ್ಯುತ್ ಕಡಿತ, ತುಂಡಾದ ಕೇಬಲ್ ಇವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಚರಿಯ ಭಾಗ. ನೇತ್ರಾವತಿ 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳ ಪೇಟೆಯೊಳಗೆ ಬಂದುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ಮಲವಂತಿಗೆ ಭಾಗದ ಹೊಳೆಗಳು ಉಕ್ಕಿ ಬೆಳ್ತಂಗಡಿ ತಾಲೂಕಿನ ಸೇತುವೆ, ತೋಟ, ಮನೆಗಳನ್ನು ಹಾಳುಮಾಡಿದವು. ಕಾಳಜಿ ಕೇಂದ್ರ ಎಲ್ಲಿದೆ, ಯಾವ ರಸ್ತೆ ಮುಚ್ಚಿದೆ ಎಂದು ಜನ ಹುಡುಕುವ ರಾತ್ರಿಯಲ್ಲೇ ಕಚೇರಿಯ ವಿದ್ಯುತ್ತೂ ಹೋಗಿರುತ್ತದೆ. ಆದುದರಿಂದ ಸರ್ವರ್ ದತ್ತ ಕೇಂದ್ರದಲ್ಲಿರಬೇಕು. ಕಚೇರಿಯಿಂದ ಅದನ್ನು ನಿರ್ವಹಿಸುವುದಷ್ಟೇ ಆಗಬೇಕು. ಸಾಧಾರಣ ಪಂಚಾಯತ್ ಜಾಲತಾಣಕ್ಕೆ 2 ಜಿಬಿ ಸ್ಮೃತಿಯ ಸಣ್ಣ ಸರ್ವರ್ ಸಾಲುತ್ತದೆ.

ಅಳವಡಿಕೆಯ ಕ್ರಮ ಹೀಗಿದೆ. ಮೊದಲು ದೀರ್ಘಾವಧಿ ಬೆಂಬಲವಿರುವ ಲಿನಕ್ಸ್ ಆವೃತ್ತಿಯನ್ನು ಹಾಕಬೇಕು. ಉಬುಂಟುವಿನ ಅಂತಹ ಆವೃತ್ತಿ ಎರಡು ವರ್ಷಗಳಿಗೊಮ್ಮೆ ಬರುತ್ತದೆ ಮತ್ತು ಅದಕ್ಕೆ 5 ವರ್ಷ ಉಚಿತ ಭದ್ರತಾ ಪರಿಷ್ಕರಣೆ ಇರುತ್ತದೆ. ಒಂದು ಚುನಾಯಿತ ಮಂಡಳಿಯ ಅವಧಿಯೂ 5 ವರ್ಷವೇ. ಅಧಿಕಾರ ವಹಿಸಿಕೊಂಡ ಮಂಡಳಿ ತನ್ನ ಅವಧಿಯಲ್ಲಿ ಒಮ್ಮೆ ಸರ್ವರನ್ನು ಹೊಸ ಆವೃತ್ತಿಗೆ ಏರಿಸಲೇಬೇಕಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಬಳಿಕ ಸರ್ವಾಧಿಕಾರವುಳ್ಳ ‘ರೂಟ್’ ಖಾತೆಯಿಂದ ನೇರ ಪ್ರವೇಶವನ್ನು ನಿಲ್ಲಿಸಿ, ನಿರ್ವಾಹಕರಿಗೆ ಪ್ರತ್ಯೇಕ ಖಾತೆ ತೆರೆದು, ಗುಪ್ತಪದದ ಬದಲು ಎಸ್‌ಎಸ್‌ಎಚ್ ಕೀಲಿಯಿಂದ ಒಳಬರುವಂತೆ ಮಾಡಬೇಕು. ಫೈರ್‌ವಾಲ್‌ನಲ್ಲಿ 22, 80 ಮತ್ತು 443 ಸಂಖ್ಯೆಯ ಬಾಗಿಲುಗಳಷ್ಟೇ ತೆರೆದಿರಬೇಕು. ಆಮೇಲೆ ಅಪಾಚೆ, ಪಿಎಚ್‌ಪಿ, ಮರಿಯಾಡಿಬಿಗಳನ್ನು ಹಾಕಿ ಜಾಲತಾಣಕ್ಕೆಂದೇ ಒಂದು ದತ್ತಸಂಚಯವನ್ನೂ, ಅದರ ಮೇಲೆ ಮಾತ್ರ ಹಕ್ಕುಳ್ಳ ಒಬ್ಬ ಬಳಕೆದಾರನನ್ನೂ ರಚಿಸಬೇಕು.

ಇಲ್ಲಿ ಕನ್ನಡದ ವಿಷಯವೊಂದಿದೆ. ದತ್ತಸಂಚಯದ ಅಕ್ಷರ ಸಂಕೇತವನ್ನು ಯುಟಿಎಫ್8ಎಂಬಿ4 ಎಂದು ಆರಂಭದಲ್ಲೇ ನಿಗದಿಪಡಿಸಬೇಕು. ಹಳೆಯ ಸರ್ವರುಗಳಲ್ಲಿ ಪೂರ್ವನಿಗದಿಯಾಗಿರುತ್ತಿದ್ದ ಲ್ಯಾಟಿನ್ ಸಂಕೇತವನ್ನೇ ಬಿಟ್ಟರೆ ಉಳಿಸಿದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ. ಹಾಗೆ ಹೋದ ಪಠ್ಯ ಮರಳಿ ಬಾರದು.

ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಸರ್ವರಿನ ಕಡತಕೋಶದಲ್ಲಿ ಬಿಚ್ಚಿದ ಮೇಲೆ ಬ್ರೌಸರಿನಲ್ಲಿ ಸ್ಥಾಪನಾ ಪುಟ ತೆರೆಯುತ್ತದೆ. ಅದನ್ನು ಆ ಗಳಿಗೆಯಲ್ಲೇ ಮುಗಿಸಬೇಕು. ‘ನಾಳೆ ನೋಡೋಣ’ ಎಂದು ಅರ್ಧದಲ್ಲಿ ಬಿಟ್ಟ ಸ್ಥಾಪನಾ ಪುಟಗಳನ್ನು ಹುಡುಕುತ್ತಲೇ ಇರುವ ಯಂತ್ರಗಳು ಅಂತರ್ಜಾಲದಲ್ಲಿವೆ. ಮೊದಲು ಬಂದವನು ಗುಪ್ತಪದ ನಿಗದಿಪಡಿಸಿದರೆ ಅವನೇ ಯಜಮಾನ. ಕಡತಕೋಶಗಳಿಗೆ 755, ಕಡತಗಳಿಗೆ 644 ಎಂಬ ಅನುಮತಿ ಸಂಖ್ಯೆಗಳು ರೂಢಿಯಲ್ಲಿವೆ. ದತ್ತಸಂಚಯದ ಗುಪ್ತಪದವಿರುವ ಕಡತಕ್ಕೆ ಇನ್ನೂ ಬಿಗಿಯಾದ ಅನುಮತಿ ಬೇಕು. ಏನೋ ಅಡಚಣೆಯಾಯಿತೆಂದು ಎಲ್ಲಕ್ಕೂ 777 ಕೊಟ್ಟು ಹೋಗುವ ತಂತ್ರಜ್ಞನು ಕಚೇರಿಯ ಬಾಗಿಲು ಕಿತ್ತು ಬದಿಗಿಟ್ಟು ಹೋದವನಿಗೆ ಸಮಾನ. ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಭದ್ರತಾ ಪ್ರಮಾಣಪತ್ರ ಹಾಕಬೇಕು. ಅದರ ಆಯುಷ್ಯ ಹೆಚ್ಚೆಂದರೆ 90 ದಿನ. ತಾನಾಗಿ ನವೀಕರಣವಾಗುವ ವ್ಯವಸ್ಥೆ ಇಲ್ಲದಿದ್ದಲ್ಲಿ ಕೆಲವೇ ತಿಂಗಳಲ್ಲಿ ಜಾಲತಾಣ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯೊಂದಿಗೆ ತೆರೆಯುತ್ತದೆ.

ವರ್ಡ್‌ಪ್ರೆಸ್ ತಾಣಗಳಿಗೆ ಕಳ್ಳರು ನುಗ್ಗುವುದು ಹೆಚ್ಚಾಗಿ ಮೂಲ ತಂತ್ರಾಂಶದ ಮೂಲಕವಲ್ಲ, ಅದಕ್ಕೆ ಹೊರಗಿನಿಂದ ಸೇರಿಸಿದ ಪ್ಲಗಿನ್‌ಗಳ ಮೂಲಕ. ಓಡುವ ಅಕ್ಷರಪಟ್ಟಿ, ಭೇಟಿ ನೀಡಿದವರ ಎಣಿಕೆ, ಹಾರುವ ಹೂವು ಇವುಗಳಿಗಾಗಿ ಹತ್ತಾರು ಪ್ಲಗಿನ್ ಹಾಕಿಸುವುದು ಅಪಾಯವನ್ನು ಹಣ ಕೊಟ್ಟು ಕೊಂಡಂತೆ. ದೇಶದ ಕೆಲವು ಸರ್ಕಾರಿ ಜಾಲತಾಣಗಳಲ್ಲಿ ಜೂಜಿನ ಜಾಹೀರಾತುಗಳು ನುಸುಳಿದ ಸಂಗತಿ 2024ರಲ್ಲಿ ವರದಿಯಾಗಿತ್ತು. ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು ಮತ್ತು ಸರ್ವರಿನ ದಾಖಲೆ ಸಾಲುಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ತಿಳಿಸುತ್ತದೆ.

ಪ್ರಕಟಿಸುವ ಬರಹದ ಬಗೆಗೂ ಗಮನ ಬೇಕು. ಕನ್ನಡಕ್ಕೆ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರು ಇದೇ ಜಿಲ್ಲೆಯ ಕಿನ್ನಿಕಂಬಳದವರು. ಕಚೇರಿಗಳಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶದ ಕೀಲಿಮಣೆಗೂ ಆ ವಿನ್ಯಾಸವೇ ಆಧಾರ. ಆದರೆ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪತ್ರವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಸ್ಕ್ಯಾನ್ ಮಾಡಿದ ಚಿತ್ರವನ್ನು ಮಾತ್ರ ಹಾಕಿದರೆ ಅದು ಹುಡುಕಾಟಕ್ಕೆ ಸಿಗದು, ದೃಷ್ಟಿ ಇಲ್ಲದವರ ಓದು ತಂತ್ರಾಂಶಕ್ಕೂ ಸಿಗದು. ಗುದ್ದಲಿ ಪೂಜೆಯ ಹದಿನೈದು ಛಾಯಾಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದ ಗಾತ್ರದಲ್ಲೇ ಮುಖಪುಟಕ್ಕೆ ಏರಿಸಿದರೆ ಸಿಗ್ನಲ್ ಒಂದೇ ಕಡ್ಡಿ ತೋರುವ ಊರಿನಲ್ಲಿ ಆ ಪುಟ ತೆರೆಯುವುದೇ ಇಲ್ಲ. ಫಲಾನುಭವಿಗಳ ಪಟ್ಟಿ ಪ್ರಕಟಿಸುವಾಗ ಹೆಸರು, ಗ್ರಾಮ, ಯೋಜನೆ ಸಾಕು. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ ನಿಷೇಧಿಸಿದೆ. ಬ್ಯಾಂಕ್ ಖಾತೆಯ ವಿವರವೂ ಅಲ್ಲಿರಬಾರದು.

ಇನ್ನು ಪ್ರತಿಯ ವಿಚಾರ. ಧವಲಾ, ಜಯಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಕಾರ್ಯ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಮುದ್ರಣಗೊಳ್ಳತೊಡಗಿತು. ಅದಕ್ಕೆ ಮೊದಲು ಒಂದು ಬೆಂಕಿ, ಒಂದು ಗೆದ್ದಲಿನ ಗೂಡು ಸಾಕಿತ್ತು. ಸರ್ವರಿನಲ್ಲಿರುವ ಒಂದೇ ಪ್ರತಿಯ ಸ್ಥಿತಿಯೂ ಅದೇ. ವರ್ಡ್‌ಪ್ರೆಸ್ ತಾಣದ ಪ್ರತಿ ಎಂದರೆ ಎರಡು ವಸ್ತುಗಳು: ಬರಹವಿರುವ ದತ್ತಸಂಚಯ, ಚಿತ್ರ ಮತ್ತು ಪಿಡಿಎಫ್‌ಗಳಿರುವ ಕಡತಕೋಶ. ಒಂದನ್ನು ಮಾತ್ರ ಉಳಿಸಿದರೆ ಅರ್ಧ ಜಾಲತಾಣವಷ್ಟೇ ಮರಳುತ್ತದೆ. ಪ್ರತಿ ರಾತ್ರಿ ತಾನಾಗಿ ನಕಲಾಗಿ ಅದೇ ಸರ್ವರಿನಲ್ಲಲ್ಲದೆ ಬೇರೆ ಊರಿನ ಬೇರೆ ಯಂತ್ರದಲ್ಲಿ ಸಂಗ್ರಹವಾಗಬೇಕು. ನಕಲಿನಿಂದ ತಾಣವನ್ನು ಮರಳಿ ಎಬ್ಬಿಸಿ ನೋಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ನಡೆಸುವುದು ಈ ಜಿಲ್ಲೆಗೆ ಹೊಂದುತ್ತದೆ.

ಆರಂಭದಲ್ಲಿ ಎತ್ತಿದ ಮೂರನೆಯ ಪ್ರಶ್ನೆಗೆ ಉತ್ತರ ತಂತ್ರಾಂಶದಲ್ಲಿಲ್ಲ, ನಿರ್ಣಯ ಪುಸ್ತಕದಲ್ಲಿದೆ. ಜಾಲತಾಣದ ವಿಳಾಸ ಪಂಚಾಯತ್‌ನ ಹೆಸರಿನಲ್ಲಿಯೇ, ಪಂಚಾಯತ್‌ನ ಅಧಿಕೃತ ಇ-ಮೇಲ್‌ಗೆ ನೋಂದಣಿಯಾಗಬೇಕು. ಗುತ್ತಿಗೆದಾರರ ಅಥವಾ ಸಿಬ್ಬಂದಿಯ ಖಾಸಗಿ ಇ-ಮೇಲ್‌ಗಲ್ಲ. ಸರ್ವರ್ ಖಾತೆ, ಮುಖ್ಯ ನಿರ್ವಾಹಕ ಗುಪ್ತಪದ, ಎಸ್‌ಎಸ್‌ಎಚ್ ಕೀಲಿ ಹಾಗೂ ನಕಲು ಇರುವ ಸ್ಥಳ ಇವುಗಳ ವಿವರವನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ನಗದು ಪೆಟ್ಟಿಗೆಯ ಕೀಲಿಯಂತೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ವಶದಲ್ಲಿಡಬೇಕು. ಕೆಲಸದ ಆದೇಶದಲ್ಲಿ ಅಳವಡಿಕೆಯ ಮೊತ್ತದೊಂದಿಗೆ ವಾರ್ಷಿಕ ಪಾಲನೆಯ ಮೊತ್ತವೂ ಪ್ರತ್ಯೇಕವಾಗಿ ಇರಬೇಕು. ಕೊನೆಯ ಕಂತನ್ನು ಈ ಲಕೋಟೆ ಕೈಸೇರಿ, ಅದರಲ್ಲಿನ ವಿವರದಿಂದ ಒಳಪ್ರವೇಶ ಸಾಧ್ಯವೆಂದು ಬೇರೊಬ್ಬ ಬಲ್ಲವರು ಪರೀಕ್ಷಿಸಿದ ಬಳಿಕವೇ ಪಾವತಿಸುವುದು ಕ್ರಮ. ಅಧಿಕಾರಿ ವರ್ಗಾವಣೆಗೊಂಡಾಗ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಚೆಕ್‌ಬುಕ್, ಮೊಹರು, ನಿರ್ಣಯ ಪುಸ್ತಕಗಳ ಸಾಲಿನಲ್ಲಿ ಈ ಲಕೋಟೆಯೂ ಒಂದು ಬಾಬಾಗಿ ನಮೂದಾಗಬೇಕು, ಮತ್ತು ಹೊಸದಾಗಿ ಬಂದವರು ಸಹಿ ಹಾಕಿದ ದಿನವೇ ಗುಪ್ತಪದಗಳನ್ನು ಬದಲಿಸಬೇಕು.