ಸಿಗರೇಟಿನೊಳಗಿನ ಬ್ಯಾಟರಿ, ಮಾಳದ ಮೇಲಿನ ಬ್ಯಾಟರಿ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಳಿ ನದಿಯ ನೀರು ಸೂಪಾ, ನಾಗಝರಿ, ಕೊಡಸಳ್ಳಿ ಮತ್ತು ಕದ್ರಾಗಳಲ್ಲಿ ವಿದ್ಯುತ್ತಾಗಿ ನಾಡಿಗೆಲ್ಲ ಹರಿಯುತ್ತದೆ. ಆದರೆ ಅದೇ ನದಿಯ ಮಗ್ಗುಲಲ್ಲಿರುವ ಜೋಯಿಡಾ ತಾಲ್ಲೂಕಿನ ಒಳನಾಡಿನ ಅನೇಕ ಮಜರೆಗಳು ದೀರ್ಘಕಾಲ ಸೀಮೆಎಣ್ಣೆಯ ಬುಡ್ಡಿಯನ್ನೂ ಸೌರದೀಪವನ್ನೂ ನಂಬಿ ಬದುಕಿದವು. ತಂತಿ ಬಂದ ಊರುಗಳಲ್ಲಿಯೂ ಮಳೆಗಾಲದ ಗಾಳಿಗೆ ಮರವೊಂದು ಉರುಳಿದರೆ ದಿನಗಟ್ಟಲೆ ಕತ್ತಲೆ. ಹಳಿಯಾಳ, ಮುಂಡಗೋಡಗಳ ರೈತ ಭತ್ತ, ಮೆಕ್ಕೆಜೋಳ, ಕಬ್ಬುಗಳನ್ನು ಹಂದಿಯಿಂದ, ದಾಂಡೇಲಿ ಕಾಡಿನಿಂದ ಇಳಿದು ಬರುವ ಆನೆಯಿಂದ ಕಾಯಲು ಮಾಳ ಏರುವಾಗ ತಲೆಗೆ ಕಟ್ಟಿಕೊಳ್ಳುವುದೂ ಬ್ಯಾಟರಿಯನ್ನೇ. ಮಲೆನಾಡಿನಲ್ಲಿ ಟಾರ್ಚಿಗೇ 'ಬ್ಯಾಟರಿ' ಎಂಬ ಹೆಸರು ನಿಂತಿರುವುದು ಸುಮ್ಮನೆ ಅಲ್ಲ.

ಆದ್ದರಿಂದ ಎಲೆಕ್ಟ್ರಾನಿಕ್ ಸಿಗರೇಟು ಎಂಬ, ಕಾನೂನೇ ನಿಷೇಧಿಸಿರುವ ವಸ್ತುವಿನ ಮಾತು ಇಲ್ಲಿ ಅಪ್ರಸ್ತುತವೆಂದು ತೋರಿದರೂ ಹಾಗಲ್ಲ. ಲಿಥಿಯಂ ಸೆಲ್ಲನ್ನು ಅಗ್ಗದ ಕೊಳವೆಯೊಂದರಲ್ಲಿ ತುರುಕಿ, ಸಾಕಷ್ಟು ರಕ್ಷಣೆಯಿಲ್ಲದೆ ಜನರ ಜೇಬಿಗೆ ಇಳಿಸಿದ ಸಾಧನಗಳಲ್ಲಿ ಅದು ಪ್ರಮುಖವಾದುದು. ಅದು ಹೇಗೆ ಕೆಟ್ಟಿತು, ಏಕೆ ಸಿಡಿಯಿತು ಎಂಬುದು ಚೆನ್ನಾಗಿ ದಾಖಲಾಗಿದೆ. ಆ ದಾಖಲೆಯನ್ನು ಓದಿದವರಿಗೆ ತಮ್ಮ ಮನೆಯ ಬ್ಯಾಟರಿಯ ಸ್ವಭಾವವೂ ತಿಳಿಯುತ್ತದೆ.

ಮೊದಲ ಯಂತ್ರಗಳ ದೋಷಗಳು

ಹೊಗೆಯಿಲ್ಲದ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ. ಇಂದಿನ ಸಾಧನದ ಮೂಲವನ್ನು 2003ರಲ್ಲಿ ರೂಪಿಸಿದವರು ಚೀನಾದ ಔಷಧ ತಜ್ಞ ಹೊನ್ ಲಿಕ್. ಕೆಲವೇ ವರ್ಷಗಳಲ್ಲಿ ಅದು ಯುರೋಪ್ ಮತ್ತು ಅಮೆರಿಕಗಳನ್ನು ತಲುಪಿತು. ಅದರ ರಚನೆ ಸರಳ: ಒಂದು ತುದಿಯಲ್ಲಿ ಬೆರಳಿಗಿಂತ ಸಣ್ಣ ಲಿಥಿಯಂ ಸೆಲ್, ನಡುವೆ ಕಾಯುವ ತಂತಿಯ ಸುರುಳಿ, ಮತ್ತೊಂದು ತುದಿಯಲ್ಲಿ ನಿಕೋಟಿನ್ ದ್ರವದಲ್ಲಿ ತೊಯ್ದ ನಾರು. ಸೇದಿದಾಗ ಗಾಳಿಯ ಚಲನೆಯನ್ನು ಒಂದು ಸಂವೇದಕ ಗುರುತಿಸಿ ತಂತಿಗೆ ವಿದ್ಯುತ್ ಹರಿಸುತ್ತದೆ, ದ್ರವ ಆವಿಯಾಗುತ್ತದೆ.

ಸರಳವಾದ ಈ ರಚನೆಯೇ ಮೊದಲ ಯಂತ್ರಗಳಿಗೆ ಮುಳುವಾಯಿತು. ಸೆಲ್ಲಿನ ಸಾಮರ್ಥ್ಯ ತೀರ ಕಡಿಮೆಯಾದುದರಿಂದ ದಿನಕ್ಕೆ ಹಲವು ಬಾರಿ ಚಾರ್ಜ್ ಮಾಡಬೇಕಾಗುತ್ತಿತ್ತು. ಲಿಥಿಯಂ ಸೆಲ್ಲಿನ ಆಯಸ್ಸು ಸಾಮಾನ್ಯವಾಗಿ ಕೆಲವು ನೂರು ಚಾರ್ಜುಗಳಷ್ಟೆ. ಹೀಗಾಗಿ ತಿಂಗಳುಗಳಲ್ಲಿಯೇ ಅದು ಮುಪ್ಪಾಗುತ್ತಿತ್ತು. ದ್ರವ ಸೋರಿ ಸಂವೇದಕಕ್ಕೆ ತಾಗಿದರೆ ಯಾರೂ ಸೇದದಿದ್ದರೂ ತಂತಿ ತಾನಾಗಿ ಕಾಯುತ್ತಿತ್ತು. ನಾರು ಒಣಗಿದರೆ ಸುರುಳಿ ಸುಟ್ಟುಹೋಗುತ್ತಿತ್ತು. ಬೇರೆ ಬೇರೆ ತಯಾರಕರ ಚಾರ್ಜರುಗಳು ಒಂದೇ ತಿರುಪಿಗೆ ಕೂರುತ್ತಿದ್ದವು. ಆದರೆ ಅವುಗಳ ವೋಲ್ಟೇಜ್ ಒಂದೇ ಆಗಿರಬೇಕೆಂದಿಲ್ಲ. ಮುಂದೆ ಬಂದ ದೊಡ್ಡ ಸಾಧನಗಳಲ್ಲಿ ಕೆಲವಕ್ಕೆ ರಕ್ಷಣಾ ಮಂಡಲವೇ ಇರಲಿಲ್ಲ. ಗುಂಡಿ ಒತ್ತಿದರೆ ಸೆಲ್ಲಿಗೂ ಸುರುಳಿಗೂ ನೇರ ಸಂಪರ್ಕ. ಒಟ್ಟಿನಲ್ಲಿ ಬೆಲೆ ಇಳಿಸಲು ಮೊದಲು ಕೈಬಿಟ್ಟದ್ದು ಸುರಕ್ಷತೆಯನ್ನು.

ಸೆಲ್ ಸಿಡಿಯುವ ಬಗೆ

ಲಿಥಿಯಂ ಅಯಾನ್ ಸೆಲ್ 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಸೆಲ್ಲಿನೊಳಗೆ ಎರಡು ತೆಳು ಹಾಳೆಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಅವುಗಳ ನಡುವೆ ಪ್ಲಾಸ್ಟಿಕ್ಕಿನ ಒಂದು ತೆಳು ಪೊರೆ. ಸುತ್ತಲೂ ಬೆಂಕಿ ಹಿಡಿಯಬಲ್ಲ ದ್ರಾವಣ. ಸಾಮಾನ್ಯ ಸೆಲ್ 4.2 ವೋಲ್ಟಿಗೆ ಪೂರ್ಣವಾಗಿ ತುಂಬುತ್ತದೆ. ಅದಕ್ಕೂ ಮೀರಿ ವಿದ್ಯುತ್ ನೂಕಿದರೆ ಲಿಥಿಯಂ ಲೋಹವು ಹಾಳೆಯ ಮೇಲೆ ಮುಳ್ಳುಮುಳ್ಳಾಗಿ ಬೆಳೆದು ಪೊರೆಯನ್ನು ಚುಚ್ಚಬಹುದು. ಸೆಲ್ ಜಜ್ಜಿದರೂ ನಾಣ್ಯ, ಕೀಲಿಕೈಗಳು ಎರಡು ತುದಿಗಳನ್ನು ಜೋಡಿಸಿದರೂ ಫಲ ಅದೇ: ಒಳಗೆ ಶಾಖ ಏರುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪೊರೆ ಕರಗುತ್ತದೆ. ಅಲ್ಲಿಂದ ಮುಂದೆ ಶಾಖವೇ ಶಾಖವನ್ನು ಹುಟ್ಟಿಸುತ್ತದೆ. ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ.

ಮೊಬೈಲಿನಲ್ಲಿ ಇಂತಹ ಸೆಲ್ ಚಪ್ಪಟೆಯಾಗಿದ್ದು ಉಬ್ಬುವುದಕ್ಕೆ ಸ್ವಲ್ಪ ಅವಕಾಶವಿರುತ್ತದೆ. ಸಿಗರೇಟಿನ ಕೊಳವೆಯಲ್ಲಿ ದುರ್ಬಲವಾದ ಜಾಗ ತುದಿಯೊಂದೇ. ಒತ್ತಡ ಏರಿದಾಗ ತುದಿ ಕಿತ್ತು, ಗರ್ನಾಲಿನಂತೆ ಚಿಮ್ಮುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತವು 2009ರಿಂದ 2016ರವರೆಗೆ ಇಂತಹ 195 ಬೆಂಕಿ ಮತ್ತು ಸ್ಫೋಟದ ಘಟನೆಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 61 ಜೇಬಿನಲ್ಲಿದ್ದಾಗ, 60 ಬಳಸುತ್ತಿದ್ದಾಗ, 48 ಚಾರ್ಜಿಗೆ ಇಟ್ಟಾಗ ನಡೆದವು. 133 ಮಂದಿ ಗಾಯಗೊಂಡರು. ಅವರಲ್ಲಿ 38 ಮಂದಿಯ ಗಾಯ ತೀವ್ರವಾಗಿತ್ತು. 2018ರಲ್ಲಿ ಫ್ಲೋರಿಡಾದಲ್ಲಿಯೂ 2019ರಲ್ಲಿ ಟೆಕ್ಸಾಸಿನಲ್ಲಿಯೂ ಸಾವುಗಳು ಸಂಭವಿಸಿದವು.

ನಿಷೇಧದ ನಂತರವೂ ಉಳಿದ ಪ್ರಶ್ನೆ

ಕರ್ನಾಟಕ ಸರ್ಕಾರವು 2016ರಲ್ಲಿಯೇ ಎಲೆಕ್ಟ್ರಾನಿಕ್ ಸಿಗರೇಟುಗಳನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತುಗಳಿಗೆ ಮೊದಲ ಅಪರಾಧದಲ್ಲಿಯೇ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿಷೇಧದ ಮುಖ್ಯ ಕಾರಣ ನಿಕೋಟಿನ್ ವ್ಯಸನ, ವಿಶೇಷವಾಗಿ ಎಳೆಯರಲ್ಲಿ. ತಂಬಾಕಿನ ಕಷಾಯ ಸಿಂಪಡಿಸಿ ಹೇನು ಕೊಂದ ರೈತನಿಗೆ ನಿಕೋಟಿನ್ನಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಅದು ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಸೋರಿದ ದ್ರವ ಮಗುವಿನ ಬಾಯಿಗೆ ಹೋದರೆ ಪ್ರಾಣಾಪಾಯ.

ಆದರೆ ಕಳ್ಳದಾರಿಯಲ್ಲಿ ಬರುವ ಸರಕಿಗೆ ರಸೀದಿಯಿಲ್ಲ, ಪರೀಕ್ಷೆಯ ಮುದ್ರೆಯಿಲ್ಲ, ಮರಳಿ ಪಡೆಯುವವರಿಲ್ಲ. ಈಚಿನ ವರ್ಷಗಳಲ್ಲಿ ಒಮ್ಮೆ ಬಳಸಿ ಎಸೆಯುವ ಮಾದರಿಗಳು ಹೆಚ್ಚಿದವು. ಬ್ರಿಟನ್ನಿನಲ್ಲಿ 2023ರ ಅಂದಾಜಿನಂತೆ ವಾರಕ್ಕೆ ಸುಮಾರು 50 ಲಕ್ಷ ಇಂತಹ ಸಾಧನಗಳು ಕಸ ಸೇರುತ್ತಿದ್ದವು. ಆ ದೇಶ 2025ರ ಜೂನ್ 1ರಿಂದ ಅವುಗಳ ಮಾರಾಟವನ್ನು ನಿಲ್ಲಿಸಿತು. ಎಸೆದ ಪ್ರತಿ ಕೊಳವೆಯಲ್ಲಿಯೂ ಇನ್ನೂ ಜೀವವಿರುವ ಒಂದು ಲಿಥಿಯಂ ಸೆಲ್ ಇರುತ್ತದೆ.

ಗಣೇಶಗುಡಿಯಲ್ಲಿ ತೆಪ್ಪವೇರಲು, ಜೋಯಿಡಾ ಮತ್ತು ದಾಂಡೇಲಿಗಳ ಹೋಮ್‌ಸ್ಟೇಗಳಲ್ಲಿ ತಂಗಲು ಬರುವವರು ಬಹಳ. ಅವರ ಚೀಲದಲ್ಲಿ ಸಿಗರೇಟಿನ ಕೊಳವೆ ಇರಲಿ ಇಲ್ಲದಿರಲಿ, ಟಾರ್ಚು, ಸ್ಪೀಕರು, ಪವರ್ ಬ್ಯಾಂಕುಗಳಂತೂ ಇರುತ್ತವೆ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಹಳಿಯಾಳ, ಮುಂಡಗೋಡ ಕಡೆಯ ಸಾಗುವಾನಿ ಕಾಡಿನ ನೆಲದ ಮೇಲೆ ತರಗೆಲೆ ದಟ್ಟವಾಗಿ ಬಿದ್ದಿರುತ್ತದೆ. ಅಲ್ಲಿ ಎಸೆದ ಸೆಲ್ಲಿನ ಮೇಲೆ ಜೀಪಿನ ಗಾಲಿ ಹರಿದರೆ, ಅಥವಾ ಕಸಕ್ಕೆ ಕಡ್ಡಿ ಗೀರುವ ಅಭ್ಯಾಸದವರು ಅದನ್ನೂ ಸೇರಿಸಿ ಸುಟ್ಟರೆ, ಬೆಂಕಿ ಹಬ್ಬಲು ಹೆಚ್ಚು ಹೊತ್ತು ಬೇಡ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಬೆಂಕಿ ಬಿದ್ದರೆ ಮೊದಲು ಸೊಪ್ಪು, ಕೊಂಬೆ ಹಿಡಿದು ಓಡುವವರು ಅಲ್ಲಿಯ ಹಳ್ಳಿಗರೇ.

ಮಾಳದ ಮೇಲಿನ ಬ್ಯಾಟರಿಗೆ ಇದೇ ಪಾಠ

ಸಂತೆಯಲ್ಲಿ ಸಿಗುವ ತಲೆಬ್ಯಾಟರಿಗಳಲ್ಲಿ ಹಲವು 18650 ಎಂಬ ಸೆಲ್ಲಿನಿಂದ ನಡೆಯುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದೇ ಆ ಸಂಖ್ಯೆಯ ಅರ್ಥ. ದೊಡ್ಡ ಎಲೆಕ್ಟ್ರಾನಿಕ್ ಸಿಗರೇಟುಗಳಲ್ಲಿ ಇದ್ದುದೂ ಇದೇ ಸೆಲ್. ಇದರ ನಿಜವಾದ ಸಾಮರ್ಥ್ಯ ಸಾಮಾನ್ಯವಾಗಿ 3,500 ಮಿಲಿಆಂಪಿಯರ್ ಗಂಟೆಯ ಒಳಗೆ, ಹೆಚ್ಚೆಂದರೆ 4,000. ಹೊದಿಕೆಯ ಮೇಲೆ 9,900 ಎಂದು ಮುದ್ರಿಸಿದ್ದರೆ ಆ ಸೆಲ್ ಸುಳ್ಳು ಹೇಳುತ್ತಿದೆ. ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಕೈಯಲ್ಲಿ ತೀರ ಹಗುರವೆನಿಸಿದರೆ ಅನುಮಾನಿಸಬೇಕು. ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಗುರುತು ಇದೆಯೇ ಎಂದು ನೋಡಿ ಕೊಳ್ಳುವುದು ಉತ್ತಮ.

ಮಾಳದಿಂದ ಇಳಿದ ರೈತ ಬೆಳಗಿನ ಜಾವ ತಲೆಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಹಾಸಿಗೆಯ ಮೇಲೋ ಅಟ್ಟದ ಹುಲ್ಲಿನ ಪಕ್ಕದಲ್ಲೋ ಇಟ್ಟು ಮಲಗುವುದುಂಟು. ಸಿಗರೇಟಿನ ಕಥೆ ಕಲಿಸುವುದು ಇದಕ್ಕೆ ವಿರುದ್ಧವಾದ ನಡತೆಯನ್ನು. ಅದರದೇ ಚಾರ್ಜರ್ ಬಳಸಬೇಕು. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಯಾರಾದರೂ ಎಚ್ಚರವಿರುವಾಗ ಚಾರ್ಜ್ ಮಾಡಬೇಕು. ತುಂಬಿದ ಮೇಲೆ ತೆಗೆಯಬೇಕು. ಬಿಡಿ ಸೆಲ್ಲನ್ನು ನಾಣ್ಯದ ಜೊತೆ ಜೇಬಿನಲ್ಲಿ ಇಡಬಾರದು. ಉಬ್ಬಿದ, ಹೊದಿಕೆ ಹರಿದ, ಸುಮ್ಮನಿದ್ದರೂ ಬಿಸಿಯಾಗುವ ಸೆಲ್ಲನ್ನು ಬಣವೆ, ಕೊಟ್ಟಿಗೆಗಳಿಂದ ದೂರ, ಬರಿಯ ನೆಲದ ಮೇಲೆ ಇಡಬೇಕು. ಹೊತ್ತಿಕೊಂಡರೆ ಅದರ ಹೊಗೆ ವಿಷಕರ. ಹತ್ತಿರ ನಿಲ್ಲದೆ ದೂರದಿಂದ ಧಾರಾಳವಾಗಿ ನೀರು ಸುರಿದು ತಣಿಸಬೇಕು.

ಇಂದಿನ ಅನೇಕ ಸೌರದೀಪಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬೇರೆ ಬಗೆಯ ಸೆಲ್ ಇರುತ್ತದೆ. ಇದು ಹೆಚ್ಚು ಸೌಮ್ಯ. ಆದರೆ ಸುಮಾರು 3.65 ವೋಲ್ಟಿಗೇ ತುಂಬುತ್ತದೆ. ಗಾತ್ರ ಒಂದೇ ಎಂದು 4.2 ವೋಲ್ಟಿನ ಚಾರ್ಜರಿಗೆ ಇದನ್ನು ಹಾಕುವುದು, ಸಿಗರೇಟಿನ ತಿರುಪಿಗೆ ಕಂಡ ಚಾರ್ಜರನ್ನೆಲ್ಲ ಕೂರಿಸಿದವರು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಮನೆಯ ಸೌರ ಬೆಳಕಿಗೆ ಮತ್ತು ಸೌರ ಬೇಲಿಗೆ ಬಳಸುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯ ಕಥೆಯೂ ಬೇರೆಯಲ್ಲ. ಆಷಾಢದ ಮೋಡದಲ್ಲಿ ಚಾರ್ಜ್ ಸಾಲದೆ ದೀಪ ಆರಿದಾಗ, ಕಂಟ್ರೋಲರನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸುವವರಿದ್ದಾರೆ. ಆ ರಾತ್ರಿ ದೀಪ ಉರಿಯುತ್ತದೆ. ಆದರೆ ಪೂರ್ತಿ ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ವರ್ಷಗಟ್ಟಲೆ ಬಾಳಬೇಕಾದ ಬ್ಯಾಟರಿ ಬೇಗನೆ ಸಾಯುತ್ತದೆ. ಮಳೆಗಾಲದಲ್ಲಿ ದೀಪಗಳ ಸಂಖ್ಯೆ ಇಳಿಸುವುದು, ಬಟ್ಟಿ ಇಳಿಸಿದ ನೀರನ್ನೇ ತುಂಬುವುದು, ಚಾರ್ಜಾಗುವ ಬ್ಯಾಟರಿಯ ಬಳಿ ಬೆಂಕಿ ತರದಿರುವುದು, ಇವು ಖರ್ಚಿಲ್ಲದ ಉಪಾಯಗಳು. ಬೇಲಿಯ ಬ್ಯಾಟರಿ ಸತ್ತಿತೆಂದು ತಂತಿಗೆ ಮನೆಯ ಕರೆಂಟು ಕೊಡುವುದಂತೂ ಆನೆಗೂ ಮನುಷ್ಯನಿಗೂ ಮೃತ್ಯು, ಕಾನೂನಿನಲ್ಲಿ ಅಪರಾಧ.

ಸತ್ತ ಬ್ಯಾಟರಿ ಎಲ್ಲಿಗೆ?

2001ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿವೆ. ಅವುಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದು. ಬೇರೆ ಕಸದೊಡನೆ ಬೆರೆಸದೆ ಒಪ್ಪಿಸುವ ಹೊಣೆ ಬಳಕೆದಾರರದು. ಸೀಸದ ಬ್ಯಾಟರಿಗೆ ಬೆಲೆಯಿರುವುದರಿಂದ ಗುಜರಿಯವನು ಮನೆ ಬಾಗಿಲಿಗೇ ಬರುತ್ತಾನೆ. ಸಣ್ಣ ಲಿಥಿಯಂ ಸೆಲ್ಲನ್ನು ಕೇಳಿಕೊಂಡು ಕಾಡಂಚಿನ ಮಜರೆಗೆ ಬರುವವರಿಲ್ಲ. ನಿಯಮ ಹುಟ್ಟಿದ ಊರಿಗೂ ಸೆಲ್ ಸಾಯುವ ಊರಿಗೂ ನಡುವಿನ ದಾರಿಯನ್ನು ಕಟ್ಟಬೇಕಾಗಿದೆ.

ಅದನ್ನು ಇಲ್ಲಿಂದಲೇ ಆರಂಭಿಸಬಹುದು. ಪ್ರತಿ ಶಾಲೆಯಲ್ಲಿ ಮಣ್ಣಿನ ಅಥವಾ ಲೋಹದ ಪಾತ್ರೆಯೊಂದರಲ್ಲಿ ಒಣ ಮರಳು ತುಂಬಿ, ತುದಿಗಳಿಗೆ ಟೇಪು ಸುತ್ತಿದ ಸತ್ತ ಸೆಲ್ಲುಗಳನ್ನು ಶಿಕ್ಷಕರ ನಿಗಾದಲ್ಲಿ ಸಂಗ್ರಹಿಸಬಹುದು. ಪಂಚಾಯ್ತಿಗಳು ಅವನ್ನು ಒಟ್ಟುಗೂಡಿಸಿ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ವ್ಯವಸ್ಥೆಯನ್ನು ತಾಲ್ಲೂಕು ಮಟ್ಟದಲ್ಲಿ ಕೇಳಬೇಕು. ಹೋಮ್‌ಸ್ಟೇಗಳು ತಮ್ಮ ಅತಿಥಿಗಳು ತಂದ ಬ್ಯಾಟರಿಯನ್ನು ಅವರ ಕೈಯಲ್ಲಿಯೇ ಮರಳಿ ಕಳುಹಿಸಬೇಕು. ದೀಪ ಕೊಡುವ ಯೋಜನೆಗಳು ಬಂದಾಗ ಗ್ರಾಮಸಭೆಯು ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಇದರ ಬ್ಯಾಟರಿ ಸತ್ತಾಗ ಬದಲಿಸುವವರು ಯಾರು, ಹಳೆಯದನ್ನು ಒಯ್ಯುವವರು ಯಾರು?

ಮೊದಲ ಎಲೆಕ್ಟ್ರಾನಿಕ್ ಸಿಗರೇಟನ್ನು ಕೊಂಡವರು ಸೆಲ್ ಯಾವುದು, ಚಾರ್ಜರ್ ಯಾವುದು, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಕೇಳಲಿಲ್ಲ; ಮಾರಿದವರು ಹೇಳಲೂ ಇಲ್ಲ. ಅದರ ಫಲವನ್ನು ಕೆಲವರು ಸುಟ್ಟ ಕೈಗಳಲ್ಲಿ ಉಂಡರು. ರಾತ್ರಿಯ ಕಾಡುದಾರಿಯಲ್ಲಿ, ಮಾಳದ ಮೇಲೆ, ಮಗುವಿನ ಓದಿನ ಮುಂದೆ ಬೆಳಕಾಗಿರುವ ಬ್ಯಾಟರಿಯ ಬಗ್ಗೆ ಆ ಮೂರು ಪ್ರಶ್ನೆಗಳನ್ನು ಮಲೆನಾಡು ಕೊಳ್ಳುವ ಮೊದಲೇ ಕೇಳಲಿ.